ಡಾಕ್ಟರ್ ಹೂ, ಪಾಂಪೇ ಎಪಿಸೋಡ್: ಮೊದಲೇ ಗೊತ್ತಿದ್ದವನು ಊರನ್ನು ಯಾಕೆ ಉಳಿಸಲಿಲ್ಲ?

ಮಾದಾಪುರದವನು

ನಮ್ಮಲ್ಲಿ ಕರೆಂಟ್ ಹೋಗಿ ನಾಲ್ಕು ದಿನ. ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಇದು ಮಾಮೂಲಿ, ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಒರಗಿರುತ್ತದೆ, ಆ ಲೈನ್‌ಮ್ಯಾನ್‌ಗಳಾದರೂ ಈ ಮಳೆಯಲ್ಲಿ ಎಷ್ಟು ಕಂಬ ಅಂತ ಹತ್ತುತ್ತಾರೆ. ತಮ್ಮ ಮೈಸೂರಿನಿಂದ ಬರುವಾಗ ಲ್ಯಾಪ್‌ಟಾಪಿನಲ್ಲಿ ಡಾಕ್ಟರ್ ಹೂ ಅನ್ನುವ ಬ್ರಿಟಿಷ್ ಟೀವಿ ಸರಣಿ ತುಂಬಿಕೊಂಡು ಬಂದಿದ್ದ. ಹೆಸರು ಕೇಳಿ ಅಮ್ಮ, "ಹೂವಿಗೂ ಡಾಕ್ಟರಾ? ಹಾಗಾದರೆ ಮಾರ್ಚಿಯಲ್ಲಿ ಕರೆಸು, ಹೂ ಮಳೆ ಬರಲಿಲ್ಲ ಅಂದರೆ ನಮ್ಮ ಕಾಫಿ ನೋಡಲಿ" ಅಂದರು. ಇರಲಿ.

ನಾವು ನೋಡಿದ್ದು 2008ರ 'ದಿ ಫೈರ್ಸ್ ಆಫ್ ಪಾಂಪೇ'. ನೋಡದವರಿಗೆ ಎರಡು ಮಾತಲ್ಲಿ ಹೇಳುತ್ತೇನೆ. ಡಾಕ್ಟರ್ ಮತ್ತು ಅವನ ಜೊತೆಗಾತಿ ಡೋನಾ ಕಾಲದಲ್ಲಿ ಹಿಂದೆ ಹೋಗುತ್ತಾರೆ. ರೋಮ್ ನಗರಕ್ಕೆ ಬಂದೆವು ಅಂದುಕೊಂಡರೆ ಬಂದಿಳಿದದ್ದು ಪಾಂಪೇಗೆ, ಅದೂ ಕ್ರಿ.ಶ. 79ರಲ್ಲಿ, ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಆ ಊರನ್ನು ಹೂತುಹಾಕುವ ಹಿಂದಿನ ದಿನ. ಎಲ್ಲರಿಗೂ ಹೇಳಿ ಊರು ಖಾಲಿ ಮಾಡಿಸೋಣ ಅಂತ ಡೋನಾ ಹಟ ಹಿಡಿಯುತ್ತಾಳೆ. ಡಾಕ್ಟರ್ ಆಗಲ್ಲ ಅನ್ನುತ್ತಾನೆ. ಕೆಲವು ಘಟನೆ ಬದಲಾಯಿಸಬಹುದಂತೆ, ಕೆಲವು ಕಾಲದಲ್ಲಿ ಗಟ್ಟಿಯಾಗಿ ನೆಟ್ಟಿರುವ ಗೂಟಗಳಂತೆ, ಪಾಂಪೇ ಅಂಥದ್ದೊಂದು ಗೂಟವಂತೆ. ಕೊನೆಗೆ ಬೆಟ್ಟದ ಹೊಟ್ಟೆಯೊಳಗೆ ಇಬ್ಬರೂ ಒಂದು ಲಿವರ್ ಮುಂದೆ ನಿಂತಿರುತ್ತಾರೆ. ಎಳೆದರೆ ಊರು ಹೋಗುತ್ತದೆ, ಬಿಟ್ಟರೆ ಇಡೀ ಭೂಮಿ ಹೋಗುತ್ತದೆ. ಅವನ ಕೈ ಮೇಲೆ ಅವಳು ಕೈ ಇಡುತ್ತಾಳೆ.

ಅಷ್ಟಕ್ಕೆ ನಮ್ಮ ಬ್ಯಾಟರಿ ಮುಗಿಯಿತು.

ನಿಜವಾಗಿ. ಮಾರನೇ ದಿನ ಜೀಪಿನ ಬ್ಯಾಟರಿಗೆ ಇನ್ವರ್ಟರ್ ಸಿಕ್ಕಿಸಿ ಉಳಿದದ್ದು ನೋಡಿದೆವು. ಮಧ್ಯದ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಮಲಗಿಕೊಂಡು ನಾನೇ ಒಂದು ಕೊನೆ ಕಟ್ಟಿಕೊಂಡಿದ್ದೆ, ಡೋನಾ ಹೇಳಿದ್ದನ್ನು ಯಾರೋ ಒಬ್ಬರು ಕೇಳಿಸಿಕೊಳ್ಳುತ್ತಾರೆ, ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಹೀಗೇ ಊರಿಗೆ ಊರೇ ಗಂಟು ಕಟ್ಟಿ ಹೊರಟು ಹೋಗುತ್ತದೆ ಅಂತ. ಹಾಗಾಗಲಿಲ್ಲ. ಅವಳು ಬೀದಿಯಲ್ಲಿ ನಿಂತು ಕಿರುಚುತ್ತಾಳೆ, ಯಾರೂ ತಿರುಗಿ ನೋಡುವುದಿಲ್ಲ. ಕಡೆಗೆ ಅವಳು ಅತ್ತು ಬೇಡಿಕೊಂಡ ಮೇಲೆ ಡಾಕ್ಟರ್ ಒಂದೇ ಒಂದು ಮನೆಯವರನ್ನು ಉಳಿಸುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಈ 'ಬದಲಾಯಿಸಲಾಗದ ಘಳಿಗೆ' ಅನ್ನುವುದಕ್ಕೆ ಏನಾದರೂ ಲೆಕ್ಕಾಚಾರ ಇದೆಯಾ, ಇಲ್ಲ ಬರೆಯುವವರು ತಪ್ಪಿಸಿಕೊಳ್ಳಲು ಮಾಡಿಕೊಂಡ ಕಿಂಡಿಯಾ? ಒಂದು ಮನೆ ಉಳಿಸಬಹುದಾದರೆ ಪಕ್ಕದ ಮನೆ ಯಾಕಾಗಲ್ಲ? ನಾನು 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಹಟ್ಟಿಹೊಳೆ ಕಡೆ ಇದ್ದವನು. ಆದ್ದರಿಂದ ಸುಮ್ನೆ ಟೈಂಪಾಸಿಗೆ ಕೇಳುತ್ತಿಲ್ಲ.

ನೀಲಿ ಪೆಟ್ಟಿಗೆ

ಬ್ಯಾಟರಿ ಹೋಗೋದಕ್ಕೆ ಇದಕ್ಕಿಂತ ಕೆಟ್ಟ ಜಾಗ ಆ ಇಡೀ ಸರಣಿಯಲ್ಲೇ ಇಲ್ಲ ಮಾರಾಯರೇ!

ಒಂದು ತಿದ್ದುಪಡಿ. ಡಾಕ್ಟರ್ ಉಳಿಸದೆ ಸುಮ್ಮನಿದ್ದದ್ದಲ್ಲ, ಅವನೇ ಸಿಡಿಸಿದ್ದು. ಎಪಿಸೋಡಿನ ಜಾಣತನ ಇರುವುದೇ ಅಲ್ಲಿ. ಆ ಊರಿನಲ್ಲಿ ಕಣಿ ಹೇಳುವವರೆಲ್ಲ ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ, ಡೋನಾ ಎಲ್ಲಿಂದ ಬಂದಳು ಅನ್ನುವುದೂ ಅವರಿಗೆ ಗೊತ್ತು, ಆದರೆ ಮಾರನೇ ದಿನ ಸಿಡಿಯುವ ಬೆಟ್ಟ ಮಾತ್ರ ಒಬ್ಬರಿಗೂ ಕಾಣಿಸುವುದಿಲ್ಲ. ಯಾಕೆಂದರೆ ಒಳಗೆ ಸೇರಿಕೊಂಡಿರುವ ಕಲ್ಲಿನ ಜೀವಿಗಳು ಬೆಟ್ಟದ ಶಕ್ತಿಯನ್ನೆಲ್ಲ ತಮ್ಮ ಯಂತ್ರಕ್ಕೆ ಎಳೆದುಕೊಳ್ಳುತ್ತಿವೆ. ಹಾಗೇ ಬಿಟ್ಟರೆ ಸಿಡಿತವೇ ಇಲ್ಲ. ಡಾಕ್ಟರ್ ಬಂದು ಲಿವರ್ ಎಳೆದರೆ ಮಾತ್ರ ಇತಿಹಾಸದಲ್ಲಿ ನಾವು ಓದಿದ ಆ ದಿನ ಆಗುತ್ತದೆ. ಅಂದರೆ ಅನಾಹುತ ತಪ್ಪಿಸಲು ಬಂದವಳ ಕೈಯೇ ಅದರ ಮೇಲೆ ಇರುತ್ತದೆ.

ಲೆಕ್ಕಾಚಾರ ಕೇಳಿದಿರಿ. ವಿಜ್ಞಾನದ ಲೆಕ್ಕ ಏನೂ ಇಲ್ಲ, ಇದು ಆ ಸರಣಿಯ ಮನೆಕಾನೂನು. ಯಾವುದು ಗೂಟ, ಯಾವುದು ಅಲ್ಲ ಅನ್ನುವುದು ಡಾಕ್ಟರಿಗೆ ಒಳಗಿನಿಂದಲೇ ತಿಳಿಯುತ್ತದೆ, ಅಷ್ಟೇ. ಆದರೆ ಆ ಕಾನೂನು ಮುರಿದರೆ ಏನಾಗುತ್ತದೆ ಅಂತ ಅವರೇ ಮುಂದಿನ ವರ್ಷ ತೋರಿಸಿದ್ದಾರೆ. 2009ರ 'ದಿ ವಾಟರ್ಸ್ ಆಫ್ ಮಾರ್ಸ್' ನೋಡಿ. 2059ರ ನವೆಂಬರ್ 21, ಮಂಗಳ ಗ್ರಹದಲ್ಲಿ ಮನುಷ್ಯರ ಮೊದಲ ನೆಲೆ. ಆ ದಿನ ಅಲ್ಲಿನವರೆಲ್ಲ ಸಾಯಬೇಕು, ಅದು ಗೂಟ. ಡಾಕ್ಟರ್ ಬಾಗಿಲವರೆಗೆ ಹೋಗಿ, ರೇಡಿಯೋದಲ್ಲಿ ಅವರು ಕೂಗಾಡುವುದನ್ನು ಕೇಳುತ್ತಾ ಕೇಳುತ್ತಾ ತಡೆಯಲಾರದೆ ವಾಪಸ್ ಬರುತ್ತಾನೆ, ಉಳಿದಿದ್ದ ಮೂವರನ್ನು ಭೂಮಿಗೆ ತಂದು ಬಿಡುತ್ತಾನೆ. ಗೆದ್ದೆ ಅಂತ ಬೀಗುತ್ತಾನೆ. ಕ್ಯಾಪ್ಟನ್ ಅಡಿಲೇಡ್ ಬ್ರೂಕ್ ಏನು ಮಾಡುತ್ತಾಳೆ ಅಂತ ಹೇಳುವುದಿಲ್ಲ. ಅದನ್ನು ಫುಲ್ ಚಾರ್ಜ್ ಮಾಡಿಕೊಂಡು ನೋಡಿ.

ಇನ್ನೊಂದು. ಪಾಂಪೇಯಲ್ಲಿ ಉಳಿದ ಆ ಒಂದು ಮನೆಯ ಯಜಮಾನ ಕೇಸಿಲಿಯಸ್ ಪಾತ್ರ ಮಾಡಿದ್ದು ಪೀಟರ್ ಕಪಾಲ್ಡಿ. ಈ ಸರಣಿಯಲ್ಲಿ ಡಾಕ್ಟರ್ ಆಗಾಗ ಮುಖ ಬದಲಿಸುತ್ತಾನೆ, ಹೊಸ ನಟ ಬರುತ್ತಾರೆ, ಹಾಗೆ ಮುಂದೆ ಅವರೇ ಡಾಕ್ಟರ್ ಆದರು. ಇವನಿಗೆ ಆ ಮುಖ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ 2015ರಲ್ಲಿ ಉತ್ತರ ಕೊಟ್ಟರು. ತಾನು ಜನರನ್ನು ಉಳಿಸುವವನು ಅನ್ನುವುದನ್ನು ಮರೆಯಬಾರದು ಅಂತ ತಾನೇ ಆ ಮುಖ ಇಟ್ಟುಕೊಂಡಿದ್ದಂತೆ. ಏಳು ವರ್ಷ ಆದಮೇಲೆ ಹಾಕಿದ ಗಂಟು, ಆದರೂ ಚೆನ್ನಾಗಿ ಕೂತಿದೆ.

ಅಡ್ಡಮಾತು

ಕಿಂಡಿಯೇ. ನಿಮ್ಮ ಅನುಮಾನ ಸರಿ.

ಟೀವಿಯವರಿಗೆ ಒಂದು ತೊಂದರೆ ಇದೆ. ಹಿಂದೆ ಹೋಗಿ ದೊಡ್ಡ ದುರಂತ ತಪ್ಪಿಸಿಬಿಟ್ಟರೆ ಮುಂದಿನ ವಾರ ನೋಡುವವನ ಪ್ರಪಂಚಕ್ಕೂ ಅವರ ಪ್ರಪಂಚಕ್ಕೂ ತಾಳೆ ಆಗುವುದಿಲ್ಲ. ಅದಕ್ಕೆ ತಪ್ಪಿಸಲಾಗದ್ದಕ್ಕೆ ಏನಾದರೂ ಒಂದು ಕಾರಣ ಬೇಕು. 1967ರ ಸ್ಟಾರ್ ಟ್ರೆಕ್‌ನಲ್ಲಿ ಕ್ಯಾಪ್ಟನ್ ಕರ್ಕ್ 1930ರ ನ್ಯೂಯಾರ್ಕಿಗೆ ಹೋಗಿ, ತಾನು ಪ್ರೀತಿಸಿದವಳು ಗಾಡಿಯಡಿ ಬೀಳುವಾಗ ಉಳಿಸಲು ಹೊರಟ ಗೆಳೆಯನನ್ನು ತಾನೇ ಹಿಡಿದು ನಿಲ್ಲಿಸುತ್ತಾನೆ. ಅವಳು ಉಳಿದರೆ ಹಿಟ್ಲರ್ ಗೆಲ್ಲುತ್ತಾನೆ ಅನ್ನುವುದು ಅಲ್ಲಿನ ಗೂಟ. ಹೆಸರು ಬೇರೆ, ಗೂಟ ಅದೇ.

ನನಗೆ ಇವೆಲ್ಲಕ್ಕಿಂತ ಇಷ್ಟ 1963ರ ಟ್ವೈಲೈಟ್ ಝೋನ್‌ನ 'ನೋ ಟೈಮ್ ಲೈಕ್ ದಿ ಪಾಸ್ಟ್'. ಕಪ್ಪು ಬಿಳುಪು, ನಿಧಾನ, ಆದರೆ ಪ್ರಾಮಾಣಿಕ. ಒಬ್ಬ ವಿಜ್ಞಾನಿ ಮೊದಲು ಹಿರೋಷಿಮಾಕ್ಕೆ ಹೋಗಿ ಪೊಲೀಸ್ ಅಧಿಕಾರಿಗೆ ಎಚ್ಚರಿಕೆ ಹೇಳುತ್ತಾನೆ. ಇವನಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಆಮೇಲೆ ಹಿಟ್ಲರನನ್ನು ಕೊಲ್ಲಲು ಹೋಗುತ್ತಾನೆ, ಆಗುವುದಿಲ್ಲ. 1915ರ ಲುಸಿಟೇನಿಯಾ ಹಡಗಿನ ಕ್ಯಾಪ್ಟನ್‌ಗೆ ದಾರಿ ಬದಲಿಸು ಅನ್ನುತ್ತಾನೆ, ಅದೂ ಆಗುವುದಿಲ್ಲ. ಗಮನಿಸಿ, ಅಲ್ಲಿ ಕಾಲದ ಕಾನೂನು ಯಾವುದೂ ಅವನನ್ನು ತಡೆಯುವುದಿಲ್ಲ. ತಡೆಯುವುದು ಎದುರಿಗೆ ಕೂತಿರುವ ಮನುಷ್ಯ.

ಕೊನೆಗೆ ಸಾಕಪ್ಪಾ ಅಂತ 1881ರ ಒಂದು ಸಣ್ಣ ಊರಿಗೆ ನೆಮ್ಮದಿಯಾಗಿ ಬದುಕಲು ಹೋಗುತ್ತಾನೆ. ಕುದುರೆಗಾಡಿಯಿಂದ ಹಾರಿ ಬಿದ್ದ ಸೀಮೆಎಣ್ಣೆ ಲಾಟೀನಿನಿಂದ ಅಲ್ಲಿನ ಶಾಲೆಗೆ ಬೆಂಕಿ ಬೀಳುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತಾನೆ. ಗಾಡಿ ನೋಡಿ ಕುದುರೆ ಬಿಚ್ಚು ಬಿಚ್ಚು ಅಂತ ಗಾಡಿಯವನ ಜೊತೆ ಎಳೆದಾಡುತ್ತಾನೆ, ಆ ಗಲಾಟೆಗೆ ಕುದುರೆ ಬೆದರಿ ಓಡುತ್ತದೆ, ಲಾಟೀನು ಹಾರುತ್ತದೆ. ಮುಗಿಯಿತು.

ಚರಿತ್ರೆ ಟೀಚರ್

ನಾನು ವೈಜ್ಞಾನಿಕ ಕಥೆಗಳ ಗಿರಾಕಿ ಅಲ್ಲ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಮಗಳು ಈ ಎಪಿಸೋಡ್ ತೋರಿಸಿದ್ದಳು. ಸೆಟ್ ನೋಡಿಯೇ ಖುಷಿಯಾಗಿತ್ತು, ರೋಮ್‌ನ ಚಿನೆಚಿಟ್ಟಾ ಸ್ಟುಡಿಯೋದಲ್ಲಿ ತೆಗೆದದ್ದಂತೆ.

ಕೇಸಿಲಿಯಸ್ ನಿಜವಾಗಿ ಇದ್ದವನು. ಎಪಿಸೋಡಿನಲ್ಲಿ ಅಮೃತಶಿಲೆ ವ್ಯಾಪಾರಿ ಮಾಡಿದ್ದಾರೆ, ನಿಜದಲ್ಲಿ ಲೇವಾದೇವಿ, ಹರಾಜು ಅಂತ ಹಣದ ವ್ಯವಹಾರ ಮಾಡುತ್ತಿದ್ದವನು. ಅವನ ಮನೆಯಲ್ಲಿ ಲೆಕ್ಕ ಬರೆದ ಮೇಣದ ಹಲಗೆಗಳು 1875ರಲ್ಲಿ ಸಿಕ್ಕವು, ನೂರೈವತ್ತಕ್ಕೂ ಜಾಸ್ತಿ. ಆ ಲೆಕ್ಕಗಳು ಕ್ರಿ.ಶ. 62ಕ್ಕೆ ನಿಂತು ಹೋಗುತ್ತವೆ. ಅದೇ ಹೊತ್ತಿಗೆ ಪಾಂಪೇಗೆ ದೊಡ್ಡ ಭೂಕಂಪ ಆಗಿತ್ತು. ಅವನ ಮನೆಯ ದೇವರಗೂಡಿನ ಮೇಲೆ ಆ ಭೂಕಂಪವನ್ನೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ದೇವಸ್ಥಾನ ವಾಲಿಕೊಂಡಿರುವುದು, ಊರ ಬಾಗಿಲು ಬೀಳುತ್ತಿರುವುದು ಎಲ್ಲ ಕಾಣಿಸುತ್ತದೆ. ಅಂದರೆ ಆ ಊರಿನವರು ಎಚ್ಚರಿಕೆಯನ್ನು ಮರೆತಿರಲಿಲ್ಲ, ಗೋಡೆ ಮೇಲೇ ಹಾಕಿಕೊಂಡಿದ್ದರು. 17 ವರ್ಷ ಆದಮೇಲೂ ಊರಲ್ಲಿ ರಿಪೇರಿ ನಡೆದೇ ಇತ್ತು. ಆದರೆ ಅಲುಗಿದ ನೆಲಕ್ಕೂ ಮೇಲಿರುವ ಬೆಟ್ಟಕ್ಕೂ ಸಂಬಂಧ ಇದೆ ಅಂತ ಅವರಿಗೆ ಹೇಗೆ ತಿಳಿಯಬೇಕು? ಆ ಬೆಟ್ಟದ ಮೇಲೆ ದ್ರಾಕ್ಷಿ ತೋಟ ಇತ್ತು.

ಪ್ಲಿನಿ ಅನ್ನುವವನು ಆಗ 17 ವರ್ಷದ ಹುಡುಗ, ಕೊಲ್ಲಿಯ ಆಚೆ ದಡದಿಂದ ಎಲ್ಲ ನೋಡಿದವನು. ಆಮೇಲೆ ಪತ್ರದಲ್ಲಿ ಬರೆಯುತ್ತಾನೆ. ಸಿಡಿಯುವ ಮುಂಚೆ ಎಷ್ಟೋ ದಿನದಿಂದ ನೆಲ ನಡುಗುತ್ತಿತ್ತಂತೆ, ಆದರೆ ಆ ಸೀಮೆಯಲ್ಲಿ ಅದು ಮಾಮೂಲಿ ಆದ್ದರಿಂದ ಯಾರೂ ಅಷ್ಟು ಹೆದರಲಿಲ್ಲವಂತೆ. ನಿಮ್ಮ ಪೋಸ್ಟಿನ ಎರಡನೇ ಸಾಲಿನಲ್ಲಿ ನೀವು ಯಾವ ಪದ ಬರೆದಿದ್ದೀರಿ ಅಂತ ಒಂದು ಸಲ ನೋಡಿಕೊಳ್ಳಿ.

ಇನ್ನೊಂದು ಮಾತು. ಊರಿಗೆ ಊರೇ ಸತ್ತಿತು ಅನ್ನುವುದು ಕಥೆಯ ಅನುಕೂಲ. ಅಗೆದಲ್ಲಿ ಸಿಕ್ಕ ದೇಹಗಳು 1100ಕ್ಕೂ ಹೆಚ್ಚು, ಇನ್ನೂ ಅಗೆಯದ ಜಾಗ ಇದೆ. ಆದರೂ ಮೊದಲ ಗಂಟೆಗಳಲ್ಲೇ ಕಾಲು ತೆಗೆದವರು ಬಹಳ ಜನ ಉಳಿದುಕೊಂಡರು. ಅವರಿಗೆ ಡಾಕ್ಟರ್ ಬೇಕಾಗಲಿಲ್ಲ. ಡೋನಾ ಬೀದಿಯಲ್ಲಿ ಏನು ಕಿರುಚುತ್ತಾಳೆ ನೆನಪಿದೆಯಾ? ಸಮುದ್ರದ ಕಡೆ ಹೋಗಬೇಡಿ, ಗುಡ್ಡ ಹತ್ತಿ ಅಂತ. ಅದು ಸರಿಯಾದ ಮಾತು. ಪಕ್ಕದ ಹರ್ಕ್ಯುಲೇನಿಯಂನಲ್ಲಿ ದೋಣಿ ಬರುತ್ತದೆ ಅಂತ ದಡದಲ್ಲಿ ಕಾದವರ ಅಸ್ಥಿಪಂಜರ ಮುನ್ನೂರರಷ್ಟು ಸಿಕ್ಕಿವೆ, ದೋಣಿಮನೆಗಳ ಕಮಾನಿನ ಕೆಳಗೆ ಒತ್ತೊತ್ತಾಗಿ.

ಮಾದಾಪುರದವನು

ಟೀಚರ್, 'ಮಾಮೂಲಿ' ಅಂತ ಬರೆದಿದ್ದೇನೆ. ನೋಡಿಕೊಂಡೆ.

ಗುಡ್ಡ ಹತ್ತಿ ಅನ್ನುವ ಮಾತು ನನ್ನ ತಲೆಯಲ್ಲಿ ಬೇರೆ ರೀತಿ ಸಿಕ್ಕಿಕೊಂಡಿತ್ತು. ನಮ್ಮ ಕಡೆ ಡೋನಾ ಬಂದು ಹಾಗೆ ಕೂಗಿದ್ದರೆ ನಾವು ಎಲ್ಲಿಗೆ ಓಡಬೇಕಿತ್ತು? ಮೇಲೆ ಗುಡ್ಡ, ಅದೇ ಜರಿದು ಬರುತ್ತಿದೆ. ಕೆಳಗೆ ಹೊಳೆ, ಅದು ರಸ್ತೆ ಮೇಲೆ ಬಂದಿದೆ. ಬರೆ ಪಕ್ಕ ಮನೆ, ಮನೆ ಪಕ್ಕ ಬರೆ. ಬೇರೆ ಊರಿನವರಿಗೆ ಬರೆ ಅಂದರೆ ಮೈ ಮೇಲೆ ಎಳೆಯುವುದು, ನಮಗೆ ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆ.

ನಮಗೂ ನೆಲ ನಡುಗಿತ್ತು. 2018ರ ಜುಲೈ 9, ಮಧ್ಯಾಹ್ನ. ರಿಕ್ಟರ್ ಲೆಕ್ಕದಲ್ಲಿ 3.4. ಪಾತ್ರೆ ಸ್ಟ್ಯಾಂಡ್ ಗಲಗಲ ಅಂದಿತು, ಅಜ್ಜಿ ಬೆಕ್ಕಿಗೆ ಬೈದರು. ಆಮೇಲೆ ಟೀವಿಯಲ್ಲಿ ಬಂತು, ಒಂದೆರಡು ದಿನ ಮಾತಾಡಿದೆವು, ಮರೆತೆವು. ಆ ಕಂಪನದಿಂದಲೇ ಗುಡ್ಡ ಜರಿಯಿತು ಅಂತ ನಾನು ಹೇಳುತ್ತಿಲ್ಲ. ಮಣ್ಣು ನೀರು ಕುಡಿದು ಕುಡಿದು ಭಾರವಾಗಿತ್ತು, ಒಳಗೆ ನೀರಿನ ಒತ್ತಡ ಜಾಸ್ತಿಯಾಗಿ ಹಿಡಿತ ಬಿಟ್ಟಿತು, ಕಡಿದ ಬರೆಗಳಲ್ಲಿ ಇನ್ನೂ ಬೇಗ. ಆಗಸ್ಟ್ 16, 17ಕ್ಕೆ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಆ ಕಡೆ ಜೋಡುಪಾಲ, ಎಲ್ಲ ಒಟ್ಟಿಗೆ ಅನ್ನುವ ಹಾಗೆ ಜರಿಯಿತು.

15ನೇ ತಾರೀಕು ಸಂಜೆಗೇ ನಮ್ಮ ಹಿಂದಿನ ಬಾಗಿಲು ಹಾಕಲು ಬರುತ್ತಿರಲಿಲ್ಲ. ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. ನಿಜವಾಗಿ ಚೌಕಟ್ಟೇ ವಾಲಿತ್ತು. ಕುಡಿಯುವ ನೀರಿನ ಒರತೆ ಕೆಂಪಾಗಿ ಬರುತ್ತಿತ್ತು. ಇವೆಲ್ಲ ಗುಡ್ಡ ಕದಲುವ ಗುರುತು ಅಂತ ಈಗ ಪ್ರೈಮರಿ ಮಕ್ಕಳಿಗೂ ಗೊತ್ತು, ಆಗ ನಮಗೆ ಮರ ಉಬ್ಬಿದೆ ಅನ್ನುವುದು ಸಾಕಾಗಿತ್ತು.

ಮಾರನೇ ದಿನ ಬೆಳಗ್ಗೆ ಅಜ್ಜಿಗೆ ಹೇಳಿದವರು ಒಬ್ಬರಲ್ಲ. ಅಪ್ಪ ಹೇಳಿದರು, ನಾನು ಹೇಳಿದೆ, ಪಂಚಾಯಿತಿಯಿಂದ ಬಂದವರು ಹೇಳಿದರು. ಅಜ್ಜಿಯದು ಒಂದೇ ಮಾತು, ಹಸು ಕರು ಹಾಕಿ ಆರು ದಿನ, ನಾನು ಬಿಟ್ಟು ಬರಲ್ಲ, ಈ ಮನೆ ಇಂಥ ಮಳೆ ಎಷ್ಟು ಕಂಡಿಲ್ಲ. ಮೇಲಿನ ಮನೆಯವರು ಆಗ ಬಂದರು. ಅವರು ಮಾತೇ ಆಡಲಿಲ್ಲ. ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚಿದರು, ಕರುವನ್ನು ಹೆಗಲ ಮೇಲೆ ಹಾಕಿಕೊಂಡರು, ಗೋಣಿ ಕೊಪ್ಪೆ ಹೊದ್ದುಕೊಂಡು ರಸ್ತೆ ಕಡೆ ನಡೆದೇ ಬಿಟ್ಟರು. ಹಸು ಕರುವಿನ ಹಿಂದೆ. ಅಜ್ಜಿ ಹಸುವಿನ ಹಿಂದೆ, ಕೊಡೆ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ, ಬಾಯಿಗೆ ಬಂದ ಹಾಗೆ ಬೈಯುತ್ತಾ. ನಾವು ಅಜ್ಜಿಯ ಹಿಂದೆ. ಶಾಲೆ ಹತ್ತಿರ ಬಂದು ನಿಂತಾಗಲೂ ಬೈಗುಳ ಮುಗಿದಿರಲಿಲ್ಲ.

ಮನೆ ಹೋಯಿತು. ಅವರದ್ದೂ ಹೋಯಿತು.

ಆ ಎಪಿಸೋಡಿನಲ್ಲಿ ಡಾಕ್ಟರ್ ವಾಪಸ್ ಬಂದು ಏನೂ ವಿವರಿಸದೆ ಸುಮ್ಮನೆ ಕೈ ಚಾಚುತ್ತಾನಲ್ಲ, ಅದನ್ನು ನೋಡುವಾಗ ತಮ್ಮ ನನ್ನ ಮುಖ ನೋಡಿದ. ಇಬ್ಬರೂ ಮಾತಾಡಲಿಲ್ಲ.

ಅಡ್ಡಮಾತು

ನಾನು ಮೇಲೆ ಕುದುರೆ ಬಿಚ್ಚುವ ಕಥೆ ಬರೆದ ಗಳಿಗೆಯಲ್ಲೇ ನೀವು ಹಸು ಬಿಚ್ಚಿದ್ದು ಬರೆಯುತ್ತಿದ್ದಿರೇನೋ. ನಿಮ್ಮ ಮೇಲಿನ ಮನೆಯವರು ಆ ವಿಜ್ಞಾನಿಗಿಂತ ಬುದ್ಧಿವಂತರು. ಅವನು ಗಾಡಿಯವನ ಜೊತೆ ವಾದಕ್ಕೆ ಇಳಿದ.

ಮಳೆಲೆಕ್ಕ

ನನಗೆ ಅರವತ್ತೆಂಟು. ಸೋಮವಾರಪೇಟೆ ತಾಲೂಕಿನಲ್ಲಿ ಸಣ್ಣ ತೋಟ. ಸೀರಿಯಲ್ ಗೊತ್ತಿಲ್ಲ, ಮೊಮ್ಮಗ ಈ ಚರ್ಚೆ ಓದಿ ಹೇಳಿದ.

ನಮ್ಮ ತಂದೆಯ ಕಾಲದಿಂದ ನಮ್ಮ ಮನೆಯಲ್ಲಿ ಮಳೆ ಪುಸ್ತಕ ಇದೆ. ಅಂಗಳದಲ್ಲಿ ರೈನ್ ಗೇಜ್, ಬೆಳಗ್ಗೆ ಎಂಟೂವರೆಗೆ ಅಳತೆ, ಇಂಚು ಮತ್ತು ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು). ಟೀವಿಯವರು ಮಿಲಿಮೀಟರ್ ಹೇಳಿದರೆ ನಮಗೆ ತಲೆಗೆ ಹೋಗುವುದಿಲ್ಲ, 25ರಿಂದ ಭಾಗಿಸಿ ನೋಡಬೇಕು. ತೋಟದವರ ಮನೆಗಳಲ್ಲಿ ಇಂಥ ಪುಸ್ತಕ ತುಂಬಾ ಇವೆ. ಫೋನ್ ಮಾಡಿದರೆ ಮೊದಲ ಮಾತೇ ನಿಮ್ಮಲ್ಲಿ ಎಷ್ಟು ಬಂತು.

ಈಗ ಕೇಳಿ. ಆ ಪುಸ್ತಕ ನಮಗೆ ಮೋಸ ಮಾಡಿತು ಅಂತ ನಾನು ಹೇಳುತ್ತೇನೆ. 2018ರ ಆಗಸ್ಟ್ ಹತ್ತರ ಹೊತ್ತಿಗೆ ಊರಿನಲ್ಲಿ ಹೆದರಿಕೆ ಶುರುವಾಗಿತ್ತು. ನಾನು ಹಳೆ ಪುಸ್ತಕಗಳನ್ನೆಲ್ಲ ತೆಗೆದು ಕೂತೆ. ಹಿಂದೆಯೂ ದೊಡ್ಡ ಮಳೆಯ ವರ್ಷಗಳು ಇದ್ದವು, ಆಗೆಲ್ಲ ಬೇಲಿ ಬಿದ್ದಿದೆ, ಸೇತುವೆ ಮುಳುಗಿದೆ, ದನ ಕೊಚ್ಚಿಹೋಗಿದೆ, ಅಷ್ಟೇ. ಗುಡ್ಡ ಬಂದದ್ದು ಬರೆದಿಲ್ಲ. ನಾಲ್ಕು ಜನರಿಗೆ ಫೋನ್ ಮಾಡಿ ಧೈರ್ಯ ಹೇಳಿದೆ, ಇದಕ್ಕಿಂತ ದೊಡ್ಡದನ್ನು ನೋಡಿದ್ದೇವೆ, ಏನೂ ಆಗುವುದಿಲ್ಲ ಅಂತ. ನಾನು ಹಿಂದಿನದ್ದನ್ನೆಲ್ಲ ತಿಳಿದವನು, ನನ್ನ ಮಾತಿಗೆ ಬೆಲೆ ಇತ್ತು. ಪುಸ್ತಕದಲ್ಲಿ ಮಳೆ ಇತ್ತು, ಆಗಿನ ಗುಡ್ಡ ಇರಲಿಲ್ಲ. ಆಗ ಆ ಇಳಿಜಾರಿನಲ್ಲಿ ರಸ್ತೆ ಕಡಿದಿರಲಿಲ್ಲ, ಮನೆಗಾಗಿ ಬರೆ ತೆಗೆದಿರಲಿಲ್ಲ, ಹೋಮ್‌ಸ್ಟೇ ಇರಲಿಲ್ಲ.

ಆ ನಾಲ್ಕು ಜನ ಕ್ಷೇಮವಾಗಿದ್ದಾರೆ, ದೇವರು ದೊಡ್ಡವನು. ಆದರೆ ಒಬ್ಬರು ನನ್ನ ಮಾತು ಕೇಳಿ ಒಂದು ರಾತ್ರಿ ಜಾಸ್ತಿ ಅಲ್ಲೇ ಉಳಿದಿದ್ದರು. ಅದು ನನಗೆ ಗೊತ್ತು, ಅವರಿಗೂ ಗೊತ್ತು.

16ನೇ ತಾರೀಕಿನ ಸಾಲಿನಲ್ಲಿ ಪೂರ್ತಿ ಅಂಕಿ ಇಲ್ಲ. ಬೆಳಗ್ಗೆ ನೋಡುವಾಗ ಗೇಜ್ ತುಂಬಿ ಹೊರಗೆ ಹರಿದಿತ್ತು. ತುಂಬಿದಷ್ಟನ್ನು ಬರೆದು ಪಕ್ಕದಲ್ಲಿ ಕೂಡಿಸುವ ಗುರುತು ಹಾಕಿದ್ದೇನೆ. ಐವತ್ತು ವರ್ಷದ ಪುಸ್ತಕದಲ್ಲಿ ಆ ಗುರುತು ಅದೊಂದೇ.

ಕುಶಾಲನಗರ ಹುಡುಗಿ

ಮೇಲಿನದನ್ನು ಓದಿ ಐದು ನಿಮಿಷ ಏನೂ ಟೈಪ್ ಮಾಡಲು ಆಗಲಿಲ್ಲ.

ನಮ್ಮದು ಹೊಳೆ ಪಕ್ಕದ ಬಡಾವಣೆ. 2018ರಲ್ಲಿ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗಿದರು, ನಾವು ಬಾಲ್ಕನಿಯಿಂದ ವಿಡಿಯೋ ಮಾಡಿದೆವು. ಆಮೇಲೆ ಸೊಂಟದವರೆಗೆ ನೀರಿನಲ್ಲಿ ಹೊರಗೆ ಬಂದೆವು. ಫ್ರಿಜ್ ತೇಲುತ್ತದೆ ಅಂತ ಆವತ್ತೇ ಗೊತ್ತಾದದ್ದು. 2019ರ ಆಗಸ್ಟಿನಲ್ಲಿ ಮತ್ತೆ ಕಾವೇರಿ ಬಂದಳು. ಆ ಸಲ ಮೈಕ್ ಬರುವ ಮುಂಚೆಯೇ ಅಪ್ಪ ಗ್ಯಾಸ್ ಸಿಲಿಂಡರ್, ಫ್ರಿಜ್, ನನ್ನ ಮಾರ್ಕ್ಸ್ ಕಾರ್ಡ್ ಎಲ್ಲ ಮಾಡಿಗೆ ಹತ್ತಿಸಿ, ಸ್ಕೂಟರ್ ಮಾವನ ಮನೆಗೆ ಸಾಗಿಸಿ ಆಗಿತ್ತು. ಬಿಳಿ ಗೋಡೆ ಮೇಲೆ ಹಿಂದಿನ ವರ್ಷದ ನೀರಿನ ಗೆರೆ ಇನ್ನೂ ಹಾಗೇ ಇತ್ತು, ಅಮ್ಮ ಬಣ್ಣ ಹೊಡೆಸೋಣ ಅಂದಾಗಲೆಲ್ಲ ಅಪ್ಪ ಬೇಡ ಅನ್ನುತ್ತಿದ್ದರು. ನಮಗೆ ಟೈಮ್ ಟ್ರಾವೆಲ್ ಅಂದರೆ ಆ ಗೆರೆ.

ಆದರೆ ಪಕ್ಕದ ಮನೆಗೆ ಆ ವರ್ಷ ಹೊಸಬರು ಬಾಡಿಗೆಗೆ ಬಂದಿದ್ದರು. ಅವರ ಮನೆಗೆ ಬಣ್ಣ ಹೊಡೆದಿತ್ತು. ನಾವು ಹೇಳಿದೆವು. ಅವರು ಬಾಲ್ಕನಿಯಿಂದ ವಿಡಿಯೋ ಮಾಡಿದರು.

ನೀಲಿ ಪೆಟ್ಟಿಗೆ

ನನ್ನ ಮೊದಲ ಉತ್ತರ ಈಗ ಸ್ವಲ್ಪ ಹಗುರ ಅನ್ನಿಸುತ್ತಿದೆ, ಇರಲಿ ಬಿಡಿ, ಅಳಿಸುವುದಿಲ್ಲ.

ಮಳೆಲೆಕ್ಕ ಅವರು ಹೇಳಿದ್ದು ಓದಿದಾಗ ಆ ಕಣಿ ಹೇಳುವವರು ನೆನಪಾದರು. ಅವರಿಗೆ ಎಲ್ಲ ಕಾಣಿಸುತ್ತಿತ್ತು, ಅದಕ್ಕೇ ಊರು ಅವರನ್ನು ನಂಬಿತ್ತು. ಸಿಡಿತ ಕಾಣಿಸದಿದ್ದಾಗ ಊರು ಅದನ್ನೂ ನಂಬಿತು. ಡೋನಾ ಸೋತದ್ದು ಜನ ಭವಿಷ್ಯ ನಂಬದವರು ಅಂತ ಅಲ್ಲ, ಅವರು ಈಗಾಗಲೇ ಬೇರೆಯವರನ್ನು ನಂಬಿ ಕೂತಿದ್ದರು. ನಾನು ಈ ಎಪಿಸೋಡನ್ನು ಆರೇಳು ಸಲ ನೋಡಿದ್ದೇನೆ, ಇದು ಹೊಳೆದಿರಲಿಲ್ಲ.

ವಯನಾಡು ಇಲ್ಲಿಂದ ಎಷ್ಟು ದೂರ, ಕುಟ್ಟ ದಾಟಿದರೆ ಅಷ್ಟೇ. ಅಲ್ಲಿ ಹ್ಯೂಮ್ ಸೆಂಟರ್ ಅನ್ನುವ ಸಂಸ್ಥೆ ಊರವರ ಕೈಲೇ ನೂರಕ್ಕೂ ಹೆಚ್ಚು ಕಡೆ ಮಳೆ ಅಳೆಸುತ್ತದೆ. 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಹೋದದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ದಿನ ಬೆಳಗ್ಗೆಯೇ ಅವರು ಮಳೆ ಅಂಕಿ ನೋಡಿ ಎಚ್ಚರಿಕೆ ಕೊಟ್ಟಿದ್ದರು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಒಂದು ದಿನ ಮುಂದೆ ನಿಂತು ಹೇಳುವುದು, ಅದೂ ಯಂತ್ರ ಇಲ್ಲದೆ.

ಮಾದಾಪುರದವರೇ, ಎಪಿಸೋಡಿನ ಕಟ್ಟಕಡೆಯ ದೃಶ್ಯ ಸಿಕ್ಕಿತಾ ನಿಮಗೆ, ಇಲ್ಲ ಅಲ್ಲೂ ಬ್ಯಾಟರಿ ಹೋಯಿತಾ? ಆರು ತಿಂಗಳ ನಂತರ ರೋಮ್‌ನಲ್ಲಿ, ಉಳಿದ ಆ ಮನೆಯವರ ದೇವರಗೂಡಿನಲ್ಲಿ ಡಾಕ್ಟರ್, ಡೋನಾ ಮತ್ತು ಅವರ ಕಾಲಯಂತ್ರವಾದ ನೀಲಿ ಪೆಟ್ಟಿಗೆಯನ್ನು ಕಲ್ಲಿನಲ್ಲಿ ಕೆತ್ತಿಸಿರುತ್ತಾರೆ. ಟೀಚರ್ ಹೇಳಿದ ನಿಜವಾದ ದೇವರಗೂಡಿನ ವಿಷಯ ಬರೆದವರಿಗೆ ಗೊತ್ತಿತ್ತೇನೋ.

ಮಾದಾಪುರದವನು

ಸಿಕ್ಕಿತು. ಅಮ್ಮನೂ ಬಂದು ಕೂತಿದ್ದರು ಆಗ. ಕೊನೆಗೆ ಅವರಿಗೂ ಡಾಕ್ಟರ್ ಹಿಡಿಸಿದ.

ನಮ್ಮ ಅಜ್ಜಿ ಯಾರ ಮೂರ್ತಿಯನ್ನೂ ಕೆತ್ತಿಸಿಲ್ಲ. ಆ ಮೇಲಿನ ಮನೆಯವರು ಈಗ ಬೇರೆ ಊರಿನಲ್ಲಿದ್ದಾರೆ. ಹಬ್ಬಕ್ಕೆ ಬಂದರೆ ಅಜ್ಜಿ ಈಗಲೂ, ಆರು ದಿನದ ಬಾಣಂತಿ ಹಸುವನ್ನು ಮಳೆಯಲ್ಲಿ ನಡೆಸಿದ ಪಾಪಿ ಅಂತ ಬೈದೇ ಊಟಕ್ಕೆ ಕೂರಿಸುವುದು. ಅವರೂ ಬೈಸಿಕೊಂಡೇ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಆ ಕರು ಈಗ ನಾಲ್ಕು ಕರು ಹಾಕಿದೆ.

ಮಳೆಲೆಕ್ಕ ಸರ್, ಒಂದು ಕೇಳಬೇಕಿತ್ತು. ಹೊಸ ಮನೆಗೆ ಬಂದಾಗಿನಿಂದ ನಾವು ಗೇಜ್ ಇಟ್ಟಿಲ್ಲ, ಹಳೆಯದು ಮಣ್ಣಿನಲ್ಲಿ ಹೋಯಿತು. ತಮ್ಮ ಒಂದು ತರುತ್ತೇನೆ ಅನ್ನುತ್ತಿದ್ದಾನೆ. ಇಲ್ಲಿ ಅಂಗಳ ಸಣ್ಣದು, ಒಂದು ಕಡೆ ಮಾಡು, ಇನ್ನೊಂದು ಕಡೆ ಬಟರ್ ಫ್ರೂಟ್ ಮರ. ಎಲ್ಲಿ ಇಡಲಿ?

ಮಳೆಲೆಕ್ಕ

ಮಾಡಿನ ನೀರು ಸಿಡಿಯುವ ಕಡೆ ಬೇಡ. ಮರದ ಅಡಿಯಲ್ಲೂ ಬೇಡ, ಎಲೆಯ ಹನಿ ನಿಂತ ಮೇಲೂ ಬೀಳುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಗೇಟಿನ ಹತ್ತಿರ ಒಂದು ಕಲ್ಲುಕಂಬ ಹಾಕಿ ಅದರ ಮೇಲೆ ಇಡಿ. ಕೋಳಿ ಕೂರದ ಹಾಗೆ ನೋಡಿಕೊಳ್ಳಿ.

ಅಂಕಿಯ ಪಕ್ಕದಲ್ಲಿ ಜಾಗ ಬಿಡಿ. ಬಾಗಿಲು ಬಿಗಿಯಾಯಿತು, ಒರತೆ ಕೆಂಪಾಯಿತು, ಹೊಸ ಬರೆ ಕಡಿದರು, ಅದನ್ನೆಲ್ಲ ಅಲ್ಲಿ ಬರೆಯಿರಿ. ನಮ್ಮ ತಂದೆ ಬರೆದಿಲ್ಲ, ನಾನೂ ಬರೆದಿರಲಿಲ್ಲ.

ಮತ್ತೆ ಕಕ್ಕಡದಲ್ಲಿ ಬೆಳಗ್ಗೆ ಒಂದೇ ಸಲ ಅಳೆದರೆ ಸಾಲದು. ಸಂಜೆಯೂ ಒಂದು ಸಲ ಅಳೆದು, ಬರೆದು, ಚೆಲ್ಲಿ ಇಡಿ. ತುಂಬಲು ಬಿಡಬೇಡಿ.